ಅವ್ವನ ಕೊನೆಯ ಮಾತು, ಮೂರನೇ ಡ್ರಾಫ್ಟ್

ಸಾವಾದ ಮನೆಯಲ್ಲಿ ಕೂತು ನೀವು ಯಾವತ್ತಾದರೂ ನಕ್ಕಿದ್ದೀರಾ? ಸಣ್ಣಗೆ ಅಲ್ಲ, ಬಾಯಿಗೆ ಸೆರಗು ಒತ್ತಿ ಹಿಡಿದರೂ ತಡೆಯಲಾರದಂತೆ?

ನಾನು ಕಳೆದ ವಾರ ಮಸ್ಕಿಯಲ್ಲಿ ನಕ್ಕೆ. ನಾನೊಬ್ಬಳೇ ಅಲ್ಲ, ಪಡಸಾಲೆ ತುಂಬ ಕೂತಿದ್ದವರೆಲ್ಲ ನಕ್ಕರು. ನಗಿಸಿದವನು ಸತ್ತವಳ ಸ್ವಂತ ಮಗ. ನಕ್ಕಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಆದರೆ ಆಮೇಲೆ ಅಲ್ಲಿ ಆದದ್ದು ನೋಡಿ ಹೊಡೆದ ಶಾಕ್‌ನಿಂದ ನಾನಿನ್ನೂ ಸುಧಾರಿಸಿಕೊಂಡಿಲ್ಲ.

(ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ. ಮಸ್ಕಿಯವರು ದಯವಿಟ್ಟು ಓಣಿ ಓಣಿ ಹುಡುಕಬೇಡಿ.)

ದುರುಗಪ್ಪಣ್ಣ ಸಿನಿಮಾ ಡೈರೆಕ್ಟರ್. ಮಾಡುವುದೆಲ್ಲ ಕಾಮಿಡಿ. ಕಥೆ, ಚಿತ್ರಕಥೆ, ಸಂಭಾಷಣೆ ಕೂಡ ಅವನದೇ. ಪೋಸ್ಟರಿನಲ್ಲಿ ಏನೋ ಸ್ಟೈಲಾದ ಹೆಸರಿದೆ, ನಮ್ಮ ನಾಲಿಗೆಗೆ ಅದು ಹತ್ತಲಿಲ್ಲ. ಅವನ ತಂಗಿ ಶಾಂತಾ ನನ್ನ ಗೆಳತಿ. ಲಿಂಗಸುಗೂರಿನ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನು ನಮಗಿಂತ ಸೀನಿಯರ್. ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಅವನು ಬರೆದ ಪ್ರಹಸನ ನೋಡಿ, ಯಾವತ್ತೂ ಮುಖ ಸಡಿಲಿಸದ ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಿದ್ದರು.

ಆಮೇಲೆ ಬೆಂಗಳೂರು. ಯಾರ್ಯಾರದೋ ಹೆಸರಿಗೆ ಟಿವಿಯ ಕಾಮಿಡಿ ಸ್ಕಿಟ್ ಬರೆದ. ಮೊದಲ ಸಿನಿಮಾ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಎರಡನೆಯದು ಓಡಿತು. ನಮ್ಮ ಸಿಂಧನೂರಿನ ಟಾಕೀಸಿನ ಮುಂದೆ ಟಿಕೆಟ್ಟಿಗಾಗಿ ಜಗಳವೇ ಆಯಿತು. ಅದರಲ್ಲಿ ಎಲ್ಲರನ್ನೂ ಬೈಯುವ ಒಬ್ಬ ಮುದುಕಿ ಇದ್ದಳು. ಅವಳ ಮಾತಿಗೇ ಶಿಳ್ಳೆ. ಆ ಮಾತೆಲ್ಲ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು.

ಅವರವ್ವ ಈರಮ್ಮನಿಂದ. ಈರಮ್ಮ ಬೈದರೆ ಬೈಸಿಕೊಂಡವನಿಗೂ ನಗು ಬರಬೇಕು, ಹಾಗೆ ಬೈಯುತ್ತಿದ್ದಳು. ದುರುಗಪ್ಪಣ್ಣ ಸೀನ್ ಬರೆಯಲು ಕೂತಾಗ ಫೋನ್ ಮಾಡಿ, "ಯವ್ವಾ, ಏನರ ಬೈಯಬೇ" ಅನ್ನುತ್ತಿದ್ದನಂತೆ. ಅವಳು ಶುರು ಮಾಡುತ್ತಿದ್ದಳು, ಇವನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ.

ಈರಮ್ಮ ಇದ್ದದ್ದು ಮಗಳ ಮನೆಯಲ್ಲಿ. ಶಾಂತಾ ಮಸ್ಕಿಯಲ್ಲಿ ಪ್ರೈಮರಿ ಟೀಚರ್. ಅವ್ವ ಹಾಸಿಗೆ ಹಿಡಿದ ಮೇಲೆ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಗುಳಿಗೆ ನುಂಗಿಸುವುದು ಮುಗಿಸಿ ಶಾಲೆಗೆ ಓಡುವುದು, ಮಧ್ಯಾಹ್ನದ ಬಿಡುವಿನಲ್ಲಿ ಮತ್ತೆ ಮನೆಗೆ ಓಡಿಬರುವುದು. ಎಷ್ಟು ಸಲ ಫೋನ್ ಮಾಡಿದರೂ, "ಅವ್ವಗ ತಿನಸಾಕತ್ತೀನಿ, ಆಮ್ಯಾಲ ಮಾಡ್ತೀನಿ ತಡಿ" ಅನ್ನುವುದೇ ಉತ್ತರ.

ಸಾವಿನ ಸುದ್ದಿ ಬಂದ ದಿನ ಸಿಂಧನೂರಿನಿಂದ ಸಿಕ್ಕ ಬಸ್ಸು ಹತ್ತಿ ಹೋದೆ. ನನ್ನನ್ನು ಕಂಡವಳೇ ಶಾಂತಾ ತಬ್ಬಿಕೊಂಡು ಅತ್ತಳು. ಅಳುತ್ತಲೇ ಹೇಳಿದಳು.

"ಮುಂಜಾನೆ ಎದ್ದಾಕಿನ ಚಾ ಬೇಕಂದ್ಲು. ಡಾಕ್ಟ್ರು ಬ್ಯಾಡಂದಾರ, ನೀರ ಕುಡಿ ಅಂತ ಚಮಚದಾಗ ನೀರು ಹಾಕಿದೆ. ನುಂಗಿ ಮುಖ ಕಿವಿಚಿದ್ಲು. 'ಸಕ್ರಿ ಹಾಕಿಲ್ಲೇನ ನನ್ನವ್ವಾ' ಅಂದ್ಲು. ಅಷ್ಟ. ಮತ್ತ ಮಾತಾಡ್ಲಿಲ್ಲ."

ದುರುಗಪ್ಪಣ್ಣನ ಕಾರು ಬೆಂಗಳೂರಿನಿಂದ ಬಂದು ನಿಂತಾಗ ಮಧ್ಯಾಹ್ನ ಕಳೆದಿತ್ತು. ಹೊಸ ಸಿನಿಮಾದ ಎಡಿಟಿಂಗಿನಲ್ಲಿದ್ದನಂತೆ. ಅವ್ವನ ಕಾಲ ಮೇಲೆ ತಲೆಯಿಟ್ಟು ಅವನು ಅತ್ತದ್ದನ್ನು ನಾನು ನೋಡಿದ್ದೇನೆ. ಅದು ನಾಟಕವಾಗಿರಲಿಲ್ಲ. ಸೂರ್ಯ ಮುಳುಗುವ ಮೊದಲು ಮಣ್ಣು ಮಾಡಿ ಬಂದರು.

ಮೂರನೇ ದಿನ ಬುತ್ತಿ ಕಟ್ಟಿಕೊಂಡು ಮತ್ತೆ ಹೋದೆ. ರೊಟ್ಟಿ, ಪುಂಡಿಪಲ್ಲೆ. ಸಾವಾದ ಮನೆಗೆ ಹೋಗುವುದಕ್ಕೆ ನಮ್ಮ ಕಡೆ 'ಮಾತಾಡಿಸಿ ಬರೋದು' ಅನ್ನುತ್ತೇವೆ. ಬಂದವರು "ಹೆಂಗಾತು?" ಅಂತ ಕೇಳಬೇಕು. ಮನೆಯವರು ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಮುಂದಿನವರು ಬಂದರೆ ಮತ್ತೆ ಮೊದಲಿನಿಂದ. ಹೇಳಿ ಹೇಳಿಯೇ ದುಃಖ ಸವೆಯಲಿ ಅಂತ ಇರಬೇಕು ಈ ಪದ್ಧತಿ.

ಅವತ್ತು ಹೇಳುವ ಕೆಲಸ ದುರುಗಪ್ಪಣ್ಣನ ಪಾಲಿಗೆ ಬಂದಿತ್ತು. ಅಳು ಬಂದರೆ ಶಾಂತಾಳಿಗೆ ಮಾತು ಹೊರಡುವುದಿಲ್ಲ. ಅವನು ಹೇಳಿದರೆ ಕೇಳಬೇಕು. ಪಾಮನಕಲ್ಲೂರಿನಿಂದ ಬಂದ ನೆಂಟರಿಗೆ ಅವನು ಹೇಳುವಾಗ ನಾನು ಅಲ್ಲೇ ಇದ್ದೆ. "ತಂಗಿ ಚಮಚದಾಗ ನೀರು ಹಾಕಿದ್ಲು" ಅಂದ. ತುಸು ತಡೆದ. ಅವ್ವನ ಹಾಗೇ ಮುಖ ಕಿವಿಚಿದ. ಆಮೇಲೆ ಸಕ್ಕರೆಯ ಮಾತು ಹೇಳಿದ. ಎಲ್ಲರ ಮುಖ ಅರಳಿತು. ನಾನು ನಕ್ಕದ್ದೂ ಆಗಲೇ. ಈರಮ್ಮ ಎದುರಿಗೇ ಕೂತಂತಿತ್ತು.

ಸ್ವಲ್ಪ ಹೊತ್ತಿಗೆ ಇನ್ಯಾರೋ ಬಂದರು. ಈ ಸಲ ಮಾತು ಬದಲಾಗಿತ್ತು. "ಮಗ ಇಷ್ಟು ಸಿನಿಮಾ ಮಾಡ್ಯಾನ, ಮನಿಯಾಗ ಸಕ್ರಿ ಇಲ್ಲೇನು?" ಅಂದಳಂತೆ ಈರಮ್ಮ. ನಗು ಜೋರಾಯಿತು. ನಾನು ಕಣ್ಣು ಪಿಳಿಪಿಳಿ ಬಿಟ್ಟೆ. ಈ ಮಾತು ಯಾವಾಗ ಬಂತು? ಶಾಂತಾಳ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

ಹೋಗಲಿ, ಒಂದು ಮಾತು ಸೇರಿಸಿದ್ದಾನೆ, ಅವನ ಕಸುಬೇ ಅದು ಅಂದುಕೊಂಡು ಸುಮ್ಮನಾದೆ. ಆಗ ಮುದಗಲ್ಲಿನಿಂದ ಈರಮ್ಮನ ಅಕ್ಕ ಬಂದಳು. ಮೊಣಕಾಲು ಹಿಡಿದುಕೊಂಡು ಮಣ್ಣಿಗೆ ಬರಲಾಗಿರಲಿಲ್ಲ ಆ ಮುದುಕಿಗೆ. ದುರುಗಪ್ಪಣ್ಣನ ಗದ್ದ ಹಿಡಿದು, "ಹೆಂಗಾತಪ್ಪಾ ನನ್ನ ತಂಗಿಗೆ?" ಅಂತ ಕೇಳಿದಳು.

ಅವನು ಹೇಳತೊಡಗಿದ.

"ಮುಂಜಾನೆ ಚಾ ಬೇಕಂದ್ಲು ದೊಡ್ಡವ್ವಾ. ನಾನ ಚಮಚದಾಗ ನೀರು ಹಾಕಿದೆ. ನನ್ನ ಮುಖಾ ನೋಡಿದ್ಲು. 'ಇಷ್ಟು ಸಿನಿಮಾ ಮಾಡೀದಿ, ಅವ್ವಗ ಒಂದ ಚಮಚ ಸಕ್ರಿ ಹಾಕಾಕ ಆಗವಲ್ತೇನಲೇ?' ಅಂದ್ಲು."

ಪಡಸಾಲೆ ನಕ್ಕಿತು. ದೊಡ್ಡವ್ವ ನಗುತ್ತ ಅತ್ತಳು, ಅಳುತ್ತ ನಕ್ಕಳು.

ನಾನ? ಯಾವ ನಾನು? ಆ ಹೊತ್ತಿನಲ್ಲಿ ಇವನು ಬೆಂಗಳೂರಿನಲ್ಲಿದ್ದ. ಇವನ ಕಾರು ಬಂದದ್ದನ್ನು ಅಲ್ಲಿ ಕೂತ ಅರ್ಧ ಮಂದಿ ಕಂಡಿದ್ದರು. ಪಕ್ಕದ ಮನೆಯ ನೀಲಮ್ಮನಂತೂ ಅವತ್ತು ಇವನನ್ನು ಕಾರಿನಿಂದ ಕೈಹಿಡಿದು ಇಳಿಸಿಕೊಂಡು ಬಂದಿದ್ದಳು. ಅವಳೂ ನಗುತ್ತಿದ್ದಳು. ಒಬ್ಬರಾದರೂ ಬಾಯಿ ಬಿಡಲಿಲ್ಲ. (ನಾನು ಬಿಟ್ಟೆನಾ? ನಾನೂ ಬಿಡಲಿಲ್ಲ.)

ಅವನ ಲೆಕ್ಕ ನನಗೆ ನಿಧಾನವಾಗಿ ಹೊಳೆಯಿತು. ಆ ಬೈಗುಳ ಎದುರಿಗಿದ್ದವನಿಗೇ ಬಿದ್ದರೆ ನಗು ಜಾಸ್ತಿ. ಬೀಳಬೇಕಾದರೆ ಅವನು ಎದುರಿಗೆ ಇರಬೇಕು. ಅವನು ಇರಬೇಕಾದರೆ ಚಮಚ ಅವನ ಕೈಯಲ್ಲಿರಬೇಕು. ಹಾಗಾದರೆ ಚಮಚ ಹಿಡಿದಿದ್ದವಳು?

ದೊಡ್ಡವ್ವ ಕಣ್ಣು ಒರೆಸಿಕೊಂಡು, "ಮಗನ ಕೈಲೆ ನೀರು ಕುಡದು ಹೋದ್ಲು ಬಿಡು, ಪುಣ್ಯವಂತಿ" ಅಂದಳು. ಆಮೇಲೆ ಶಾಂತಾಳ ಕಡೆ ತಿರುಗಿ ಕೇಳಿಯೇಬಿಟ್ಟಳು. "ನೀ ಎಲ್ಲಿದ್ದೆವಾ ಆವಾಗ?"

ದುರುಗಪ್ಪಣ್ಣನ ಮುಖ ಬಿಳಿಚಿಕೊಂಡಿತು.

ಶಾಂತಾ ತಲೆಯೆತ್ತಲಿಲ್ಲ. "ಚಾ ಮಾಡಾಕ ಒಳಗ ಹೋಗಿದ್ದೆ ದೊಡ್ಡವ್ವಾ" ಅಂದಳು.

ಅಣ್ಣನ ಸೀನಿನಲ್ಲಿ ಒಂದು ತೂತು ಉಳಿದಿತ್ತು. ಅದನ್ನು ತಂಗಿ ತಾನೇ ಮುಚ್ಚಿಬಿಟ್ಟಳು.

ಹಿತ್ತಲಿನಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ. ನನಗೆ ಸಿಟ್ಟು ನೆತ್ತಿಗೇರಿತ್ತು. "ಯಾಕ ಹಂಗ ಹೇಳ್ದಿ?"

"ಮತ್ತೇನ ಮಾಡ್ಲಿ? ಅಷ್ಟು ಮಂದಿ ಮುಂದ ಅಣ್ಣನ್ನ ಸುಳ್ಳ ಮಾಡ್ಲೇನು?" ಅಂದಳು. ಸೆರಗಿನಿಂದ ಮೂಗು ಒರೆಸಿಕೊಂಡು, "ನೀರಿಂದು ಹೋಗ್ಲಿ ಬಿಡು. ಅವ್ವ ಬೈದಿದ್ದಿಲ್ಲ. ನನ್ನವ್ವಾ ಅಂದಿದ್ಲು. ಅದನ್ನ ಯಾಕ ತಗದಾ?" ಅಂದಳು.

ಮನೆಮನೆಯಲ್ಲಿ ನಡೆಯುವುದೂ ಇದೇ ಅಲ್ಲವೇ? ಆಸ್ಪತ್ರೆಯಲ್ಲಿ ಬೆಡ್‌ಪ್ಯಾನ್ ಹಿಡಿದವಳು ಒಬ್ಬಳು, "ನಾವು ಅವ್ವನನ್ನು ಹೂವಿನಂತೆ ನೋಡಿಕೊಂಡೆವು" ಅಂತ ಫೋಟೋ ಸಮೇತ ಸ್ಟೇಟಸ್ ಹಾಕುವವರು ಇನ್ನೊಬ್ಬರು. ನಾವು ಅದಕ್ಕೆ ಕೈಮುಗಿಯುವ ಎಮೋಜಿ ಒತ್ತುತ್ತೇವೆ. ನಿಜ ಗೊತ್ತಿದ್ದೂ ಒತ್ತುತ್ತೇವೆ. ಕಥೆ ಚೆನ್ನಾಗಿದ್ದರೆ ಸಾಕು ನಮಗೆ.

ಹೊರಟಾಗ ದುರುಗಪ್ಪಣ್ಣನೇ ಬಸ್‌ಸ್ಟ್ಯಾಂಡಿನವರೆಗೆ ಬಂದ. ಇವತ್ತು ಕೇಳಿಯೇಬಿಡಬೇಕು ಅಂತ ನಾನು ಹಲ್ಲು ಕಚ್ಚಿಕೊಂಡಿದ್ದೆ. ಸಿಂಧನೂರಿನ ಬಸ್ಸು ಬಂತು. ನಾನು ಬಾಯಿ ತೆರೆಯುವ ಮೊದಲೇ ಅವನು ಕಣ್ಣು ತುಂಬಿಕೊಂಡು ಹೇಳಿದ.

"ಶಾಂತಾಂದ ನೆನಸಿದ್ರ ಕರುಳ ಚುರ್ ಅಂತೈತಿ. ಇಷ್ಟು ದಿನ ಮಾಡಿದಾಕಿ ಅಕಿ. ಪಾಪ, ಜೀವ ಹೋಗೂ ಹೊತ್ತಿನ್ಯಾಗ ಒಳಗ ಚಾ ಮಾಡಾಕ ಹೋಗಿದ್ಲು ನೋಡು."

ಅವನು ಸುಳ್ಳು ಹೇಳುತ್ತಿರಲಿಲ್ಲ. ನೆನೆಸಿಕೊಂಡು ಹೇಳುತ್ತಿದ್ದ.

ಈರಮ್ಮನ ದಿನಕಾರ್ಯಕ್ಕೆ, ಅಂದರೆ ತಿಥಿಗೆ, ಮತ್ತೆ ಮಸ್ಕಿಗೆ ಹೋಗಬೇಕು. ಅಷ್ಟರಲ್ಲಿ ಶಾಂತಾಳಿಗೂ ತಾನು ಒಲೆಯ ಮುಂದಿದ್ದ ಹಾಗೇ ನೆನಪಾಗತೊಡಗಿದ್ದರೆ?