ಕರ್ಪೂರದ ಮುಂದೆ ಕೊಟ್ಟ ಮಾತು

ಕರ್ಪೂರ ಹಚ್ಚಿದವಳು ನಾನೇ. ಇದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಬತ್ತಿ ಸರಿಯಾಗಿ ನೆನೆದಿರಲಿಲ್ಲ, ಬಾಗಿಲಿನಿಂದ ಗಾಳಿ ನುಗ್ಗುತ್ತಿತ್ತು, ದೀಪ ಮೂರು ಸಲ ಆರಿಹೋಯಿತು. ಎದುರಿಗೆ ಶಾಲೆಯ ಮಕ್ಕಳ ಅಪ್ಪ ಅಮ್ಮ ಅಜ್ಜಿಯರೆಲ್ಲ ಪುಟ್ಟ ಬೆಂಚುಗಳ ಮೇಲೆ ಮುದುಡಿ ಕುಳಿತು ನನ್ನ ಕೈಯನ್ನೇ ನೋಡುತ್ತಿದ್ದರು. ಮೊದಲ ದಿನವೇ ಮಾನ ಹೋಗುತ್ತಲ್ಲಪ್ಪ ಎಂದು ದೇವರ ಪಟದ ಹಿಂದಿದ್ದ ಕರ್ಪೂರದ ಡಬ್ಬಿ ತೆಗೆದು, ತಟ್ಟೆಯಲ್ಲಿ ಎರಡು ಬಿಲ್ಲೆ ಇಟ್ಟು ಕಡ್ಡಿ ಗೀರಿದೆ.

ಹಾರೋಹಳ್ಳಿಯ ಸುತ್ತ ರಾಗಿ ಹೊಲಗಳಲ್ಲಿ ಫ್ಯಾಕ್ಟರಿ ಶೆಡ್ಡುಗಳು ಏಳುತ್ತಿದ್ದ ವರ್ಷಗಳು ಅವು. ನಮ್ಮದು ಎರಡು ಕೋಣೆಯ ನರ್ಸರಿ ಶಾಲೆ. ಊರವರು ಅದನ್ನು ಕಾನ್ವೆಂಟು ಎನ್ನುತ್ತಿದ್ದರು. ನಾನು ಅಲ್ಲಿಯ ಟೀಚರು. ಒಂದು ವಾರದ ಸ್ಕೌಟ್ಸ್ ತರಬೇತಿ ಮುಗಿಸಿಕೊಂಡು ಆಗಷ್ಟೇ ಬಂದಿದ್ದೆ. ಎಲ್‌ಕೆಜಿ ಯುಕೆಜಿ ಮಕ್ಕಳಿಗೂ ಒಂದು ದಳ ಮಾಡಬಹುದು, ಆಟ, ಹಾಡು, ಕೊರಳಿಗೊಂದು ಸ್ಕಾರ್ಫ್, ಕೈ ತೊಳೆಯುವುದು, ಗಿಡಕ್ಕೆ ನೀರು ಹಾಕುವುದು, ಕೊನೆಗೊಂದು ಸಣ್ಣ ಪ್ರತಿಜ್ಞೆ, ಇಷ್ಟೇ ಎಂದು ಅಲ್ಲಿ ಕಲಿಸಿದ್ದರು. ಅದನ್ನು ಹೆತ್ತವರಿಗೆ ತಿಳಿಸಿ ಹೇಳಲು ಶನಿವಾರ ಮಧ್ಯಾಹ್ನ ಎಲ್ಲರನ್ನೂ ಕರೆದಿದ್ದೆ.

ಅವರೋ, ನಾನು ಒಂದು ಹೇಳಿದರೆ ಇನ್ನೊಂದು ಕೇಳುತ್ತಿದ್ದರು. "ಪೊಲೀಸ್ ಟ್ರೈನಿಂಗಾ ಮಿಸ್ಸು?" ಎಂದ ಒಬ್ಬ. "ಕಾಡ್ಗೆ ಕರ್ಕೊಂಡೋಗಿ ಮಲುಗುಸ್ತಾರಂತೆ ಕಣವ್ವ, ನಮ್ ಕೂಸು ಇನ್ನೂ ಚಡ್ಡೀಲೇ ಉಚ್ಚೆ ಉಯ್ಕತದೆ" ಎಂದಳು ಒಬ್ಬ ತಾಯಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರದೋ ಮೊಬೈಲು ಕಿರುಚಿತು, ಅವನು ಅಲ್ಲೇ ಕುಳಿತು "ಏನ್ಲಾ" ಎಂದು ಶುರು ಮಾಡಿದ. ನನಗೆ ಮೈ ಉರಿದುಹೋಯಿತು. ನನ್ನ ಸಿಟ್ಟು ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ.

ಕರ್ಪೂರ ಹತ್ತಿದ ಕೂಡಲೇ ಮಕ್ಕಳನ್ನು ತಟ್ಟೆಯ ಸುತ್ತ ನಿಲ್ಲಿಸಿದೆ. ಪ್ರತಿಜ್ಞೆಯನ್ನು ಮೆಲ್ಲಗೆ, ಆಟದ ಹಾಗೆ ಹೇಳಿಸಿ ಎಂದು ತರಬೇತಿಯಲ್ಲಿ ಸಾರಿ ಸಾರಿ ಹೇಳಿದ್ದರು. ನಾನು ಮಾತ್ರ ಹೆತ್ತವರ ಕಡೆ ತಿರುಗಿ, "ಇದು ತಮಾಷೆ ಅಲ್ಲ. ದೇವರ ಮುಂದೆ ಕೊಡೋ ಮಾತು. ಕೊಟ್ಟ ಮೇಲೆ ತಪ್ಪಬಾರದು" ಎಂದು ಗದರಿದೆ. ಮಕ್ಕಳು ಉರಿಯುವ ಕರ್ಪೂರದ ಮೇಲೆ ಕೈ ಚಾಚಿ ನನ್ನ ಹಿಂದೆ ಹೇಳಿದವು. ದೇವರನ್ನು ಪ್ರೀತಿಸುತ್ತೇನೆ. ದೊಡ್ಡವರ ಮಾತು ಕೇಳುತ್ತೇನೆ. ಸುಳ್ಳು ಹೇಳುವುದಿಲ್ಲ.

ಕೋಣೆ ಗಪ್‌ಚಿಪ್ ಆಯಿತು. ಮೊಬೈಲಿನವನು ಕೂಡ ಮೊಬೈಲು ಕೆಳಗಿಳಿಸಿದ. ಅಬ್ಬ, ದಾರಿಗೆ ಬಂದರಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಮುದುಕಿ ಎದ್ದು ಬಂದಳು. ಅವಳ ಮೊಮ್ಮಗಳು ಯುಕೆಜಿಯಲ್ಲಿದ್ದಳು. ತಂದೆಯಿಲ್ಲದ ಐದು ವರ್ಷದ ಕೂಸು. ಮುದುಕಿ ಮಗುವಿನ ಕೈಯನ್ನು ಬೆಂಕಿಯ ಮೇಲಿನಿಂದ ಎಳೆದುಕೊಂಡಳು.

"ಏನ್ ಮಾಡ್ಬುಟ್ಟೆ ಟೀಚ್ರಮ್ಮ? ಹಾಲು ಕುಡಿಯೋ ಮಕ್ಳ ಕೈಲಿ ಆಣೆ ಮಾಡುಸ್ತಾರಾ ಯಾರಾದ್ರೂವೆ?"

ಮಗುವನ್ನು ಎಳೆದುಕೊಂಡು ಹೊರಟೇ ಹೋದಳು. ನಾನು ಮಾಡಿದ್ದೇನೆಂದು ಆಗ ಹೊಳೆಯಿತು. ನಾನೇನು ಬೇರೆ ದೇಶದವಳಲ್ಲ, ಕನಕಪುರದ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿದವಳು. ನಮ್ಮ ಕಡೆ ಕರ್ಪೂರ ಹಚ್ಚಿ ಅದರ ಮೇಲೆ ಕೈಯಿಟ್ಟು ಆಡಿದ ಮಾತು ಆಣೆ. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಕಳ್ಳತನದ ಅನುಮಾನ ಎಲ್ಲ ಅಲ್ಲಿ ತೀರುತ್ತವೆ. ತಪ್ಪಿದರೆ ಅದು ತಪ್ಪಿದವನನ್ನು ಬಿಟ್ಟು ಅವನ ಮನೆಯವರಿಗೆ ತಟ್ಟುತ್ತದೆ ಎಂದು ನಂಬಿಕೆ. ಚಿಕ್ಕವಳಿದ್ದಾಗ ಕರ್ಪೂರದ ತಟ್ಟೆ ಹೊರಗೆ ಬಂತೆಂದರೆ ನಮ್ಮಮ್ಮ ನಮ್ಮನ್ನೆಲ್ಲ ಒಳಗೆ ಅಟ್ಟುತ್ತಿದ್ದಳು. ಇಷ್ಟೆಲ್ಲ ಗೊತ್ತಿದ್ದೂ ನಾನು ಹಾಗೆ ಮಾಡಿದ್ದೆ.

ಸೋಮವಾರ ಆ ಹುಡುಗಿ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಮಧ್ಯಾಹ್ನ ಅವಳ ತಾಯಿ ಗೇಟಿನ ಹತ್ತಿರ ಬಂದು ನಿಂತಳು. ಕಂಪನಿಯೊಂದರ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸಕ್ಕಿದ್ದಳು. ಮಗು ಅವಳ ಸೆರಗನ್ನು ಎರಡೂ ಕೈಯಲ್ಲಿ ಸುತ್ತಿಕೊಂಡು ಹಿಂದೆ ಅಡಗಿತ್ತು.

"ಶನಿವಾರ ಸಾಯಂಕಾಲ ಗಡಿಗೆಗೆ ಕೈ ಹಾಕಿ ಬೆಲ್ಲ ತಿಂದವ್ಳೆ ಮಿಸ್. ತಿಂದ್ಯಾ ಅಂದ್ರೆ ಇಲ್ಲ ಅಂದ್ಲು. ಅಷ್ಟೇಯ. ಆಮೇಲಿಂದ ಊಟ ಬ್ಯಾಡ, ನೀರು ಬ್ಯಾಡ, ಜ್ವರ ಬೇರೆ ಬಂದೈತೆ. ಸುಳ್ಳೇಳ್ದೆ, ಆಣೆ ತಪ್ದೆ, ಅವ್ವ ನೀನು ಸತ್ತೋಯ್ತೀಯ ಅಂತಾಳೆ. ಸೆರಗೇ ಬುಡಕ್ಕಿಲ್ಲ. ಮೂರು ದಿನ ಆಯ್ತು ನಾನು ಡ್ಯೂಟಿಗೆ ಹೋಗಿ. ನಾಳೆ ಫಸ್ಟ್ ಶಿಫ್ಟ್‌ಗೆ ಹೋಗ್ನಿಲ್ಲ ಅಂದ್ರೆ ಹೆಸ್ರು ಹೊಡ್ದಾಕ್ತೀವಿ ಅಂದವ್ರೆ."

ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನಾನು ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಅದು ಆಣೆ ಅಲ್ಲ ಪುಟ್ಟ, ಸುಮ್ಮನೆ ಆಟ ಎಂದೆ. ಅವಳು ಸೆರಗಿನ ಸಂದಿಯಿಂದ ನನ್ನನ್ನು ನೋಡಿ, "ತಮಾಷೆ ಅಲ್ಲ ಅಂದ್ರಿ" ಎಂದಳು.

ಶಾಲೆ ಬಿಟ್ಟ ಕೂಡಲೇ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಮಗುವಿನ ತಾತ ರಸ್ತೆ ಕಡೆ ಮುಖ ಮಾಡಿ ಕುಳಿತಿದ್ದರು. ನಮಸ್ಕಾರ ಎಂದರೆ ತಲೆ ಕೂಡ ಆಡಿಸಲಿಲ್ಲ. ಮುದುಕಿ ನನ್ನನ್ನು ಒಳಗೆ ಕರೆದು ಚಾಪೆ ಹಾಸಿದಳು, ಸಿಟ್ಟಿದ್ದರೂ ನೀರು ಕೊಟ್ಟಳು. ಆಮೇಲೆ ದನಿ ಇಳಿಸಿ ಹೇಳಿದಳು. ಫ್ಯಾಕ್ಟರಿಗೆ ಜಮೀನು ಕೇಳಿಕೊಂಡು ಬಂದಾಗ ಊರಿನ ಗಂಡಸರೆಲ್ಲ ಊರಮ್ಮನ ಗುಡಿಯಲ್ಲಿ ಕರ್ಪೂರದ ಮೇಲೆ ಕೈಯಿಟ್ಟು, ಯಾರೂ ಹೊಲ ಕೊಡುವುದಿಲ್ಲ ಎಂದು ಆಣೆ ಮಾಡಿದ್ದರಂತೆ. ಆ ಆಣೆ ಮುರಿದು ಮೊದಲು ಸಹಿ ಹಾಕಿದವರು ಜಗಲಿಯ ಮೇಲಿದ್ದ ಈ ತಾತನೇ.

"ಆರು ತಿಂಗ್ಳಿಗೆ ಇದ್ದೊಬ್ಬ ಮಗ ಲಾರಿ ಕೆಳೀಕೆ ಹೋದ. ಇವ್ಳಪ್ಪ. ಅವತ್ತಿಂದ ಈವಯ್ಯ ಗುಡಿ ಮೆಟ್ಲು ಹತ್ತಿಲ್ಲ. ಅಪ್ಪ ಯಾಕೆ ಸತ್ತೋದ ಅಂತ ಕೂಸು ಕೇಳ್ತು, ನಾನೇ ಯೋಳ್ಬುಟ್ಟಿದ್ದೆ. ನನ್ ಬಾಯಿಗೆ ಮಣ್ಣಾಕ."

ಆಗ ನನಗೆ ಮಗುವಿನ ಲೆಕ್ಕ ಪೂರ್ತಿ ಅರ್ಥವಾಯಿತು. ತಾತ ತಪ್ಪಿದರು, ಅಪ್ಪ ಹೋದ. ತಾನು ತಪ್ಪಿದೆ, ಈಗ ಅವ್ವ ಹೋಗುತ್ತಾಳೆ. ಐದು ವರ್ಷದ ತಲೆಗೆ ಇದರಲ್ಲಿ ಎಲ್ಲಿಯೂ ತಪ್ಪು ಕಾಣಲು ಸಾಧ್ಯವಿರಲಿಲ್ಲ.

"ಮಾಡ್ಸಿದೋರೇ ಬುಡುಸ್ಬೇಕು," ಎಂದಳು ಮುದುಕಿ. "ಅಮ್ಮುನ್ ಮುಂದೆ ತಪ್ಪುಕಾಣಿಕೆ ಇಟ್ಟು, ಮಾತ್ನ ವಾಪಸ್ ಈಸ್ಕಬೇಕು ನೀನು."

ನಿಜ ಹೇಳಬೇಕೆಂದರೆ ಆಗಲೂ ನನ್ನ ಒಳಗೊಂದು ಜಂಬ ತಲೆಯೆತ್ತಿತು. ಸ್ಕೌಟ್ಸ್ ಟೀಚರು ಗುಡಿಯಲ್ಲಿ ತಪ್ಪುಕಾಣಿಕೆ ಇಡುವುದೇ? ನಾಳೆ ಊರೆಲ್ಲ ಆಡಿಕೊಂಡರೆ ದಳದ ಗತಿ ಏನು? ಮಗು ಮೂಲೆಯಲ್ಲಿ ತಾಯಿಯ ತೊಡೆಗೆ ಅಂಟಿಕೊಂಡು, ಜ್ವರದ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ದಳ ಹಾಳಾಗಿ ಹೋಗಲಿ ಎಂದುಕೊಂಡೆ. ನಡೀರಿ ಎಂದು ಎದ್ದೆ.

ಸೂರ್ಯ ಇಳಿಯುವ ಮುಂಚೆ ಗುಡಿಗೆ ಹೋದೆವು. ಕರೆಯದಿದ್ದರೂ ತಾತ ಹಿಂದೆಯೇ ಬಂದರು, ಬಂದು ರಸ್ತೆಯ ಆಚೆ ಬದಿಯಲ್ಲೇ ನಿಂತುಬಿಟ್ಟರು. ಮುದುಕಿ ಅರಿಶಿನದ ಬಟ್ಟೆಯಲ್ಲಿ ನನ್ನ ಕೈಯಿಂದಲೇ ಕಾಣಿಕೆ ಕಟ್ಟಿಸಿದಳು, ಕರ್ಪೂರ ಹಚ್ಚಿದಳು. ನಾನು ಸೆರಗು ಹೊದ್ದು ಕೈ ಮುಗಿದು, "ತಾಯಿ, ಮಾತು ಆಡಿಸಿದವಳು ನಾನು. ತಪ್ಪು ನನ್ನದು. ಈ ಕೂಸನ್ನ ಆ ಮಾತಿಂದ ಬಿಡಿಸು" ಎಂದು ಕಾಣಿಕೆ ಇಟ್ಟೆ. ನಾಟಕ ಮಾಡಲು ಹೋದವಳು ನಿಜವಾಗಿಯೇ ಬೇಡಿಕೊಂಡಿದ್ದೆ.

ಮಗು ತಲೆಯೆತ್ತಿತು. "ಇನ್ ಅವ್ವ ಸಾಯಕ್ಕಿಲ್ವ ಮಿಸ್?"

"ಇಲ್ಲ ಕಂದ."

"ಆಣೆಗೂ?"

ಬೆಳಗಾದರೆ ಅವಳ ಅವ್ವ ಕಂಪನಿ ವ್ಯಾನಿನಲ್ಲಿ ಅದೇ ಲಾರಿಗಳ ರಸ್ತೆಯಲ್ಲಿ ಹೋಗುವವಳು. ಹೇಳಿಬಿಡಿ ಮಿಸ್ ಎಂದು ತಾಯಿ ಕಣ್ಣಲ್ಲೇ ಬೇಡಿಕೊಂಡಳು. ಬ್ಯಾಡ ಕಣವ್ವ ಎಂದು ಮುದುಕಿ ನನ್ನ ಮೊಣಕೈ ಹಿಡಿದಳು. ಕರ್ಪೂರ ಉರಿಯುತ್ತಿತ್ತು. ಅದರ ಕಡೆ ಚಾಚಿದ ಕೈಯನ್ನು ನಾನು ಹಿಂದಕ್ಕೆ ಎಳೆದುಕೊಂಡೆ. ಮಗುವಿನ ಕೈಗಳು ಮತ್ತೆ ಸೆರಗನ್ನು ಸುತ್ತಿಕೊಳ್ಳತೊಡಗಿದವು.

ಹಿಂದೆ ಚಪ್ಪಲಿ ಬಿಟ್ಟ ಸದ್ದಾಯಿತು. ತಾತ ಮೆಟ್ಟಿಲು ಹತ್ತಿ ಬಂದರು. ಮುದುಕಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವರು ದೇವರ ಕಡೆ ನೋಡದೆ ನೇರ ಮಗುವಿನ ಮುಂದೆ ಕುಳಿತರು.

"ನೋಡು ಮಗ, ನೀನು ಬೆಲ್ಲ ತಿಂದೆ, ಅಷ್ಟೇಯ. ಅದುಕ್ಕೆ ಯಾರೂ ಸಾಯಕ್ಕಿಲ್ಲ. ಆಣೆ ತಪ್ಪಿದೋನು ನಾನು. ಇನ್ನೇನಾರ ಬರೋದಿದ್ರೆ ನಂಗೇ ಬರ್ಲಿ ಅಂತ ಈ ತಾಯ್ಗೆ ಯೋಳಿವ್ನಿ. ನಿಮ್ಮವ್ವುನ್ನ ಮುಟ್ಟಕ್ಕಿಲ್ಲ." ಎಂದವರೇ ಉರಿಯುತ್ತಿದ್ದ ಕರ್ಪೂರದ ಮೇಲೆ ಅಂಗೈ ಇಟ್ಟರು. "ಆಣೆಗೂ."

ಮಗು ಅವರ ಕೈಯನ್ನು ನೋಡಿತು, ಮುಖವನ್ನು ನೋಡಿತು. ಆಮೇಲೆ ಸೆರಗು ಬಿಟ್ಟಿತು.

ಗುರುವಾರ ತಾಯಿ ಫಸ್ಟ್ ಶಿಫ್ಟ್‌ಗೆ ಹೋದಳು. ಕೆಲಸ ಉಳಿಯಿತು. ಶನಿವಾರ ಹುಡುಗಿ ಶಾಲೆಗೆ ಬಂದಳು. ಅಂದುಕೊಂಡಿದ್ದಕ್ಕಿಂತ ಹೆಚ್ಚು ಮಕ್ಕಳೇ ದಳಕ್ಕೆ ಸೇರಿದರು. ದೀಪ, ಕರ್ಪೂರ ಹಚ್ಚುವುದಿರಲಿ, ಒಂದು ಕಡ್ಡಿ ಕೂಡ ನಾನು ಆಮೇಲೆ ಆ ಕೋಣೆಯಲ್ಲಿ ಗೀರಲಿಲ್ಲ. ಸ್ಕಾರ್ಫ್ ಕಟ್ಟಿಸಿಕೊಂಡು ಎಲ್ಲರ ಜೊತೆ ಅವಳೂ ಹಾಡಿದಳು, ಕುಣಿದಳು.

ಆದರೆ ಅವಳನ್ನು ಕರೆತಂದದ್ದು ತಾತ, ಅವರ ಪಂಚೆಯ ಚುಂಗು ಅವಳ ಮುಷ್ಟಿಯಲ್ಲಿತ್ತು. ಆ ವರ್ಷವೆಲ್ಲ ಅವರು ಶಾಲೆ ಬಿಡುವವರೆಗೆ ಗೇಟಿನ ಹೊರಗೆ ಕಲ್ಲಿನ ಮೇಲೆ ಕುಳಿತಿರುತ್ತಿದ್ದರು. ಆಟದ ನಡುವೆ ಅವಳು ಸಾಲು ಬಿಟ್ಟು ಓಡಿಹೋಗಿ, ಗೇಟಿನ ಸರಳುಗಳ ನಡುವೆ ಮುಖ ತೂರಿಸಿ, "ತಾತ, ಇದ್ದೀಯಾ?" ಎಂದು ಕೇಳಿ ಬರುತ್ತಿದ್ದಳು. ಸಾಲು ಬಿಡಬೇಡ ಎಂದು ನಾನು ಅವಳನ್ನು ಒಂದು ದಿನವೂ ಗದರಲಿಲ್ಲ.