ಹಿಂಬಾಗಿಲ ಸದ್ದು

ಮದರಾಸಿನ ಬೆಸೆಂಟ್ ನಗರದ ನಮ್ಮ ಫ್ಲ್ಯಾಟಿಗೆ ಹಿಂಬಾಗಿಲೇ ಇಲ್ಲ. ಬಿಲ್ಡರ್ ಎಂಬ ಮಹಾನುಭಾವ ಅಡುಗೆಮನೆಯಾಚೆ ವಾಷಿಂಗ್ ಮೆಷಿನ್ ನಿಲ್ಲಿಸುವಷ್ಟೇ ಅಗಲದ ಒಂದು ಬಾಲ್ಕನಿಯನ್ನೂ ಅದಕ್ಕೊಂದು ಮರದ ಬಾಗಿಲನ್ನೂ ಕೊಟ್ಟು ಕೈ ತೊಳೆದುಕೊಂಡಿದ್ದಾನೆ. ನಮ್ಮ ಚಿಕ್ಕಮ್ಮನ ಪಾಲಿಗೆ ಮಾತ್ರ ಅದೇ ಹಿತ್ತಲು, ಅದೇ ಹಿಂಬಾಗಿಲು. ಸಂಜೆ ದೇವರ ಮುಂದೆ ದೀಪ ಹಚ್ಚುವ ಮುನ್ನ ಅವಳು ಗೋಡೆ ಸವರಿಕೊಂಡು ಹೋಗಿ, ಆ ಬಾಗಿಲನ್ನು ಎಳೆದು, ಚಿಲಕ ತಳ್ಳಿ, ಅದು ಸರಿಯಾಗಿ ಕೂತಿತೇ ಎಂದು ಬೆರಳಿನಿಂದ ಮುಟ್ಟಿ ನೋಡಿ ಬಂದ ಮೇಲೆಯೇ "ಹೂಂ, ಹಚ್ಚು" ಎಂದು ನನಗೆ ಅಪ್ಪಣೆ ಕೊಡುತ್ತಿದ್ದಳು. ತಾನು ಎಂದೂ ಹಚ್ಚುತ್ತಿರಲಿಲ್ಲ. ಮುಂಬಾಗಿಲಿಂದ ಬಂದ ಲಕ್ಷ್ಮಿ ಹಿಂಬಾಗಿಲಿಂದ ಹೊರಟುಹೋಗಬಾರದು, ಹಿಂಬಾಗಿಲಲ್ಲಿ ಕಾದಿರುವ ದರಿದ್ರಲಕ್ಷ್ಮಿ ಒಳಗೆ ಬರಬಾರದು ಎಂಬುದು ಶಾಸ್ತ್ರ. ನಾಲ್ಕನೆಯ ಮಹಡಿಯ ಬಾಲ್ಕನಿಯಿಂದ ಹಾರಿ ಹೋಗುವಷ್ಟು ಬೇಸರ ಲಕ್ಷ್ಮಿಗೆ ನಮ್ಮ ಮನೆಯಲ್ಲಿ ಬಂದಿರಲಾರದು ಎಂದು ನಾನು ಎಷ್ಟೋ ಸಲ ಚೇಷ್ಟೆ ಮಾಡಿದ್ದೇನೆ. ಲಕ್ಷ್ಮಿಯ ಮಾತು ಹಾಗಿರಲಿ, ಸಂಜೆಯ ಸೊಳ್ಳೆಗಳನ್ನಂತೂ ಆ ಚಿಲಕ ತಡೆಯುತ್ತಿತ್ತು. ಹೀಗಾಗಿ ಶಾಸ್ತ್ರಕ್ಕೂ ನನಗೂ ಜಗಳವಿರಲಿಲ್ಲ.

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ. ಮದುವೆಯಾದ ಹೊಸದರಲ್ಲೇ ಗಂಡನನ್ನು ಕಳೆದುಕೊಂಡು, ತ್ರಿಪ್ಲಿಕೇನಿನಲ್ಲಿದ್ದ ಅಕ್ಕನ ಮನೆಗೆ ಬಂದವಳು ನನ್ನನ್ನು ಎತ್ತಿ ಆಡಿಸಿದಳು, ತಲೆ ಬಾಚಿದಳು, ಸಾರನ್ನದ ತುತ್ತಿನೊಂದಿಗೆ ದೆವ್ವದ ಕತೆಗಳನ್ನೂ ಕಲಸಿ ತಿನ್ನಿಸಿದಳು. ಅವಳ ದೆವ್ವಗಳಿಗೆ ಅವಸರವೆಂಬುದೇ ಇರಲಿಲ್ಲ. ಬಾವಿಯ ರಾಟೆ ತಾನಾಗಿ ಒಂದು ಸುತ್ತು ತಿರುಗುವಷ್ಟರಲ್ಲಿ ಸಾರನ್ನ ಮುಗಿಯುತ್ತಿತ್ತು; ಬಾವಿಯಿಂದ ಮೇಲೆದ್ದವಳು ಕಟ್ಟೆ ದಾಟುವ ಹೊತ್ತಿಗೆ ಮಜ್ಜಿಗೆಯನ್ನವೂ ಮುಗಿದು ನನಗೆ ತೂಕಡಿಕೆ ಹತ್ತಿರುತ್ತಿತ್ತು. ಹಾಗಿದ್ದೂ ಆ ಹೆದರಿಕೆ ಇಂದಿಗೂ ನನ್ನೊಳಗೆ ಬೆಚ್ಚಗೆ ಉಳಿದಿದೆ. ಈಗ ತಾಯಿಯಿಲ್ಲ, ತ್ರಿಪ್ಲಿಕೇನಿನ ಮನೆ ಬೇರೆಯವರದಾಗಿದೆ, ಚಿಕ್ಕಮ್ಮ ನನ್ನೊಂದಿಗಿದ್ದಾಳೆ. ಅವಳ ಕಣ್ಣಿನ ನಡುಭಾಗದ ನೋಟ ಹೋಗಿ ಅಂಚಿನದಷ್ಟೇ ಉಳಿದಿದೆ. ನಿಮ್ಮ ಮುಖ ಕಾಣಬೇಕಾದರೆ ಅವಳು ನಿಮ್ಮ ಭುಜದಾಚೆ ದೃಷ್ಟಿ ನೆಡಬೇಕು; ಗೊತ್ತಿಲ್ಲದವರು ಮುದುಕಿಗೆ ಎಷ್ಟು ಜಂಬ ಎಂದುಕೊಳ್ಳುತ್ತಾರೆ. ಉಳಿದದ್ದೂ ಮೆಲ್ಲಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ "ಹೋಗ್ಲಿ ಬಿಡಿ, ಕಿವಿ ಇದೆಯಲ್ಲ" ಎಂದು ಅವರನ್ನೇ ಸಮಾಧಾನಪಡಿಸಿದ್ದಳು.

ಆ ಚಿಕ್ಕಮ್ಮ ಒಂದು ದಿನ, "ಥಿಯೇಟರಲ್ಲಿ ಒಂದು ಕನ್ನಡ ಪಡಂ ನೋಡ್ಬಿಡ್ಬೇಕು ಕಣೇ, ಪೂರ್ತಿ ಕತ್ತಲಾಗೋಕ್ಮುಂಚೆ" ಎಂದಳು. ಮದರಾಸಿನಲ್ಲಿ ಕನ್ನಡ ಚಿತ್ರ ಬರುವುದೇ ಅಪರೂಪ, ಬಂದರೆ ಒಂದು ಮಾಲಿನಲ್ಲಿ ಒಂದೇ ಆಟ. ನನ್ನ ಮಗಳು ಸುಮೇಧಾ ಫೋನಿನಲ್ಲಿ ಹುಡುಕಿ ಒಂದನ್ನು ಹಿಡಿದಳು. ಅವಳಿಗೆ ನಮ್ಮ ಕನ್ನಡವೆಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ತಮಿಳು ಉದುರುತ್ತದೆ. "ಪೀರಿಯಡ್ ಹಾರರ್ ಮಾ. ರೊಂಬ ಸ್ಲೋ ಅಂತಾರೆ. ಪಾಟಿಗೆ ಓಕೆಯಾ?" ಎಂದಳು. ಪಾಟಿ, ಎಂದರೆ ಅವಳಿಗೆ ಅಜ್ಜಿಯಾದ ಚಿಕ್ಕಮ್ಮ, ಕುಳಿತಲ್ಲಿಂದಲೇ ಉತ್ತರಿಸಿದಳು: "ನಿಧಾನ ಅಂದ್ರೆ ಒಳ್ಳೇದೇ ಆಯ್ತಲ್ಲ ಮಗೂ, ನಾನೂ ನಿಧಾನವೇ." ಹೀಗೆ ಒಂದು ಭಾನುವಾರ ಮಧ್ಯಾಹ್ನ ನಾವು ಮೂವರು ಹೆಂಗಸರು, ಎಸಿಯ ಚಳಿಗೆಂದು ಒಂದು ಶಾಲನ್ನೂ ಹೊತ್ತು ಹೊರಟೆವು.

ಚಿತ್ರದ ಕತೆಯನ್ನು ನಿಮಗೆ ಹೇಳುವುದು ಕಷ್ಟವಲ್ಲ, ಏಕೆಂದರೆ ಕತೆಯೆಂಬುದು ಅದರಲ್ಲಿ ಅಷ್ಟೇನೂ ಇಲ್ಲ. ಸ್ವಾತಂತ್ರ್ಯಕ್ಕೆ ಮುಂಚಿನ ಒಂದು ಅಗ್ರಹಾರ, ಒಂದು ಉದ್ದನೆಯ ಮನೆ, ಅಲ್ಲಿಗೆ ಬಂದ ಹೊಸ ಸೊಸೆ. ಸಂಜೆಯಾದರೆ ಅವಳು ಹಿಂಬಾಗಿಲ ಅಗುಳಿ ತಳ್ಳಿ, ಆಮೇಲೆ ದೀಪ ಹಚ್ಚಬೇಕು. ಆ ಬಾಗಿಲಿನಾಚೆ ಯಾರೋ ಕುಳಿತಿದ್ದಾರೆ. ಕಾಣುವುದಿಲ್ಲ; ಒಂದು ಉಸಿರು, ಬಳೆಯಿಲ್ಲದ ಕೈಯೊಂದು ಹಲಗೆ ಸವರಿದ ಸದ್ದು, ಅಷ್ಟೇ. ಆ ಮನೆಯದೇ ಒಬ್ಬ ವಿಧವೆ ಹಿಂದೊಮ್ಮೆ ಅಲ್ಲಿ ಕುಳಿತಿದ್ದಂತೆಯೇ ಸತ್ತಳೆಂದು ಕೆಲಸದವರ ಪಿಸುಮಾತಿನಿಂದ ನಮಗೆ ತಿಳಿಯುತ್ತದೆ. ಸೊಸೆ ಹೆದರುತ್ತಾಳೆ, ಅಗುಳಿ ತಳ್ಳುತ್ತಾಳೆ, ಮರುಸಂಜೆ ಮತ್ತೆ ಹೆದರುತ್ತಾಳೆ. ನಿರ್ದೇಶಕ ಮಹಾಶಯ ಹೆಚ್ಚು ಮಾತನಾಡದೆ ಕಿವಿಯನ್ನೇ ನಂಬಿ ಚಿತ್ರ ತೆಗೆದಿದ್ದ. ಚಿಕ್ಕಮ್ಮನಿಗಾಗಿಯೇ ತೆಗೆದನೋ ಎಂದು ನನಗೆ ಸಂತೋಷವಾಯಿತು. ಅವಳು ಪರದೆಯ ಒಂದು ಮೂಲೆಗೆ ಮುಖ ತಿರುಗಿಸಿ, ಶಾಲಿನಿಂದ ಕಿವಿಯನ್ನು ಬಿಡಿಸಿಕೊಂಡು, ಉಸಿರು ಬಿಗಿಹಿಡಿದು ಕುಳಿತಿದ್ದಳು.

ಆದರೆ ಸ್ನೇಹಿತರೇ, ಕಿವಿ ಇದ್ದದ್ದು ಅವಳೊಬ್ಬಳಿಗೆ. ಉಳಿದವರಿಗೆಲ್ಲ ಇದ್ದದ್ದು ಬಾಯಿ.

ಬಂದಿದ್ದವರು ಯಾರೋ ಪರಕೀಯರಲ್ಲ, ನಮ್ಮವರೇ. ಬ್ಯಾಂಕು, ರೈಲ್ವೆ, ವಿಮಾ ಕಚೇರಿಗಳಲ್ಲಿ ದುಡಿದು ಇಲ್ಲೇ ನೆಲೆನಿಂತ ಕನ್ನಡ ಸಂಸಾರಗಳು. ಮದರಾಸಿಗೆ ಒಂದು ಒಳ್ಳೆಯ ಕನ್ನಡ ಚಿತ್ರ ಬರುವುದಿಲ್ಲ ಎಂದು ರಾಜ್ಯೋತ್ಸವದ ಸಭೆಯಲ್ಲಿ ವರ್ಷ ವರ್ಷ ಗಂಟಲು ಕಟ್ಟಿಸಿಕೊಳ್ಳುವವರು. ನಮ್ಮ ಹಿಂದಿನ ಸಾಲಿನಲ್ಲಿ, ಆ ಸಭೆಗಳಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮರುಗುವ ರೈಲ್ವೆಯ ನಿವೃತ್ತ ಹಿರಿಯರೊಬ್ಬರು ಮಗಳು, ಅಳಿಯ, ಮೊಮ್ಮಕ್ಕಳ ಸಮೇತ ದಯಮಾಡಿಸಿದ್ದರು. ಮೊಮ್ಮಕ್ಕಳಿಗೆ ಕನ್ನಡ ಬಾರದು. ಅದಕ್ಕಾಗಿ ತಾತ ಪ್ರತಿಯೊಂದು ಮಾತನ್ನೂ ತಮಿಳಿಗೆ ತಿರುಗಿಸಿ ಹೇಳುತ್ತಿದ್ದರು. ಅದನ್ನಾದರೂ ಸಹಿಸಬಹುದು, ಮಕ್ಕಳಿಗೆ ನುಡಿಯ ನಂಟು ಉಳಿಯಲಿ ಎಂಬ ಆಸೆ ಅವರದು. ಆದರೆ ಪರದೆಯ ಮೇಲೆ ಮಾತೇ ಇಲ್ಲದಾಗಲೂ ಅವರ ಅನುವಾದ ನಿಲ್ಲುತ್ತಿರಲಿಲ್ಲ. ಮೌನವನ್ನೂ ತಮಿಳಿಗೆ ತಿರುಗಿಸಲು ಹೊರಟಿದ್ದರು ಪುಣ್ಯಾತ್ಮರು. "ಇಪ್ಪೊ ಭೂತಂ ವರುಂ ಪಾರು," ಎನ್ನುವರು. ಭೂತ ಬರುತ್ತಿರಲಿಲ್ಲ. "ಸರಿ, ಇನ್ನೂ ರೆಡಿಯಾಗಿಲ್ಲ," ಎನ್ನುವರು, ಸಾಲಿಗೆ ಸಾಲೇ ನಗುವುದು. ಮುಂದಿನ ಸಾಲಿನಲ್ಲಿ ಫೋನುಗಳು ಒಂದೊಂದಾಗಿ ಬೆಳಗಿದವು. ಸೊಸೆ ಅಗುಳಿ ತಳ್ಳುವಾಗ ಯಾವನೋ ಶಿಳ್ಳೆ ಹಾಕಿದ. ಇನ್ನೊಬ್ಬ ಗಟ್ಟಿಯಾಗಿ, "ಬಾಗಿಲು ಹಾಕೋದು, ದೀಪ ಹಚ್ಚೋದು, ಇಷ್ಟೇನಾ ಪಡಂ?" ಎಂದ. ನನ್ನ ಮೈ ಉರಿಯಿತು.

ಮಧ್ಯಂತರದಲ್ಲಿ ಹಿರಿಯರು ಪಾಪ್‌ಕಾರ್ನ್ ಸಮೇತ ಎದುರಾದರು. "ಏನ್ರೀ ಮೇಡಂ, ಭೂತ ಎಲ್ರೀ? ಹಾರರ್ ಅಂತ ಬೋರ್ಡು ಹಾಕಿ ಮೋಸ ಮಾಡ್ಬಿಟ್ರಲ್ಲ" ಎಂದರು. ನಮ್ಮ ಚಿಕ್ಕಮ್ಮನಿಗೆ ಕಣ್ಣು ಕಾಣುವುದಿಲ್ಲ, ಸದ್ದಿನಲ್ಲೇ ಚಿತ್ರ ನೋಡುತ್ತಿದ್ದಾಳೆ, ದಯವಿಟ್ಟು ಸ್ವಲ್ಪ ಮೆಲ್ಲಗೆ ಎಂದು ನಾನು ವಿನಯದಿಂದಲೇ ಕೇಳಿದೆ. "ಅಯ್ಯೋ, ಹೇಳ್ಬಾರ್ದಾ, ಖಂಡಿತ ಖಂಡಿತ," ಎಂದರು. ಆ ಖಂಡಿತ ದೀಪಗಳು ಆರುವವರೆಗೆ ಬಾಳಿತು.

ಕೊನೆಯ ದೃಶ್ಯವನ್ನು ಹೇಳದೆ ನನಗೆ ವಿಧಿಯಿಲ್ಲ. ಆ ಸಂಜೆ ಸೊಸೆ ಮೊದಲು ದೀಪ ಹಚ್ಚುತ್ತಾಳೆ. ಹಿಂಬಾಗಿಲು ಬರಿದೇ ಮುಂದಕ್ಕೆಳೆದಿದೆ, ಅಗುಳಿ ಬಿದ್ದಿಲ್ಲ, ಆಚೆ ಆ ಉಸಿರು. ಅವಳು ಎದ್ದು ಕತ್ತಲಿನೊಳಗೆ ನಡೆಯುತ್ತಾಳೆ. ಕ್ಯಾಮೆರಾ ಅವಳ ಹಿಂದೆ ಹೋಗದೆ ದೀಪದ ಮುಂದೆಯೇ ನಿಂತುಬಿಡುತ್ತದೆ. ಇನ್ನು ಎಲ್ಲವೂ ಒಂದು ಸದ್ದಿನಲ್ಲಿದೆ: ಅಗುಳಿ ಜಾರಿದರೆ ಅವಳು ಬಾಗಿಲು ಹಾಕಿದಳು, ಕೀಲು ಕಿರುಗುಟ್ಟಿದರೆ ತೆರೆದಳು. ಚಿಕ್ಕಮ್ಮ ನನ್ನ ಮುಂಗೈ ಹಿಡಿದುಕೊಂಡಳು. ಅದೇ ಕ್ಷಣಕ್ಕೆ ಹಿಂದಿನಿಂದ, "ಅವ ಕದವ ಮೂಡ ಪೋರಾ, ಪಾರು, ಬಾಗಿಲು ಹಾಕ್ತಾಳೆ ನೋಡು," ಎಂಬ ಅನುವಾದ ಮೊಳಗಿತು. ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಹೋ ಎಂದರು. ನಾನು ಎದ್ದು ನಿಂತು ಹಿಂದಕ್ಕೆ ತಿರುಗಿ, "ಒಂದು ನಿಮಿಷ ಬಾಯಿ ಮುಚ್ಚಿಕೊಳ್ಳಿ ಸ್ವಾಮಿ," ಎಂದೆ. ಅಷ್ಟರಲ್ಲಿ ಚಿತ್ರ ಮುಗಿದು ದೀಪಗಳು ಹತ್ತಿದವು. ದೆವ್ವವನ್ನು ಕಾಣದೆ ನಿರಾಶರಾಗಿದ್ದ ಜನಕ್ಕೆ ಕೊನೆಗೆ ನಾನಾದರೂ ಕಾಣಿಸಿದೆ.

"ಏನಾಯ್ತೇ? ಹಾಕಿದಳಾ, ತೆಗೆದಳಾ?" ಎಂದಳು ಚಿಕ್ಕಮ್ಮ. ನನಗೂ ಕೇಳಿಸಿರಲಿಲ್ಲ. ಸುಮೇಧಾಳಿಗೂ ಇಲ್ಲ. ಹಿರಿಯರನ್ನೇ ಕೇಳಿದರೆ, "ಏನಾದ್ರೇನು ಬಿಡಿ, ದೆವ್ವವೇ ಬರ್ಲಿಲ್ವಲ್ಲ," ಎಂದು ಮೊಮ್ಮಕ್ಕಳನ್ನು ಹೊರಡಿಸಿಕೊಂಡು ಹೋದರು.

ಈ ಜನಕ್ಕೆ ಬೇಕಾದದ್ದು ಬೆಚ್ಚಿಬೀಳುವುದು, ಹೆದರುವುದಲ್ಲ. ಬೆಚ್ಚಿಬೀಳಲು ಪಕ್ಕದ ಮನೆಯ ಕುಕ್ಕರು ಕೂಗಿದರೂ ಸಾಕು. ಹೆದರಬೇಕಾದರೆ ಕತ್ತಲಿಗೆ ನಡೆಯುವ ಹುಡುಗಿಯ ಮೇಲೆ ಮೊದಲು ಅಕ್ಕರೆ ಹುಟ್ಟಬೇಕು, ಆಚೆ ಕುಳಿತವಳ ಮೇಲೂ ಅಷ್ಟಿಷ್ಟು ಮರುಕ ಮೂಡಬೇಕು, ಮತ್ತು ಅಕ್ಕರೆ ಮರುಕಗಳು ಹೊತ್ತು ಹಿಡಿಯುವ ಅಡುಗೆಗಳು. ಊಟವನ್ನು ಬಾಗಿಲಿಗೆ ತರಿಸಿಕೊಂಡಂತೆ ಭಯವನ್ನೂ ಕುಳಿತಲ್ಲಿಗೇ ತರಿಸಿಕೊಳ್ಳುವವರಿಗೆ ಅದು ತಡವಾದರೆ ಸಿಟ್ಟು, ನಗು, ಶಿಳ್ಳೆ. ನಗುವುದು ಅವರ ಹಕ್ಕಂತೆ, ದುಡ್ಡು ಕೊಟ್ಟಿದ್ದಾರಂತೆ. ಕೊಟ್ಟದ್ದು ತಮ್ಮ ಕುರ್ಚಿಗೆ ತಾನೆ? ಪಕ್ಕದವಳ ಕಿವಿಯನ್ನೂ ಕೊಂಡುಕೊಂಡರೇ? ಇಷ್ಟನ್ನೂ ನಾನು ಟ್ಯಾಕ್ಸಿಯಲ್ಲಿ ಕುಳಿತು ಗಟ್ಟಿಯಾಗಿಯೇ ಹೇಳಿದೆ. ಸುಮೇಧಾ, "ವಿಡುಮಾ, ಎಲ್ಲರಿಗೂ ಒಂದೇ ಟೇಸ್ಟ್ ಇರಲ್ಲ," ಎಂದು ಜನರ ಪರ ವಾದಿಸಿ ನನ್ನ ಉರಿಗೆ ತುಪ್ಪ ಸುರಿದಳು. ಆಮೇಲೆ ತಾನೇ ಮೆತ್ತಗಾಗಿ ಫೋನಿನಲ್ಲಿ ಹುಡುಕಿದಳು. ನಾಳೆಯಿಂದ ಆಟವೇ ಇಲ್ಲ, ಚಿತ್ರವನ್ನು ಎತ್ತಿಬಿಟ್ಟಿದ್ದರು. ನೋಡಿದವರಲ್ಲಿ ಒಬ್ಬ ಬಾಗಿಲು ಹಾಕಿದಳೆಂದು ಬರೆದಿದ್ದ, ಇನ್ನೊಬ್ಬ ತೆಗೆದಳೆಂದು, ಮತ್ತೊಬ್ಬ ಎಲ್ಲವೂ ಕನಸೆಂದು.

"ಅವರಿಗೆ ಕೇಳಿಸಿತ್ತಾ, ಇಲ್ಲ ಊಹೆನಾ?" ಎಂದಳು ಚಿಕ್ಕಮ್ಮ. ಸುಮೇಧಾ ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು.

"ನಾನು ಯಾಕೆ ಕೇಳ್ದೆ ಅಂದ್ರೆ," ಎಂದು ಚಿಕ್ಕಮ್ಮ ಕಿಟಕಿಯ ಕಡೆ ಮುಖ ಮಾಡಿ, ಎಂದರೆ ನಮ್ಮನ್ನು ನೋಡುತ್ತ, ಹೇಳತೊಡಗಿದಳು. "ತ್ರಿಪ್ಲಿಕೇನ್ ಮನೇಲಿ ನವರಾತ್ರಿ ಗೊಂಬೆ ಕೂರಿಸ್ತಿದ್ರಲ್ಲ, ಸಾಯಂಕಾಲ ಮುತ್ತೈದೆಯರು ಕುಂಕುಮಕ್ಕೆ ಬರೋರು. ನಾನು ಎದುರಿಗೆ ಸಿಗಬಾರ್ದು ಅಂತ ಹಿಂದುಗಡೆ ಒಗೆಯೋ ಕಲ್ಲಿನ ಮೇಲೆ ಹೋಗಿ ಕೂತ್ಕೊಳ್ತಿದ್ದೆ. ದೀಪ ಹಚ್ಚೋ ಹೊತ್ತಾದ್ರೆ ಅಕ್ಕ ಬಂದು ಬಾಗಿಲು ಹಾಕೋಳು. ಅವಳೇನು ಮಾಡ್ತಾಳೆ, ಶಾಸ್ತ್ರ. ಅಗುಳಿ ಸದ್ದಾದ್ರೆ ಒಳಗೆ ದೀಪ ಹಚ್ಚಿದ್ರು ಅಂತ ನಂಗೆ ಗೊತ್ತಾಗೋದು. ಹಾಡು ಕೇಳ್ಸೋದು, ಕಡಲೆ ಸುಂಡಲ್ ವಾಸನೆ ಬರೋದು. ಎಲ್ಲಾ ಹೋದ್ಮೇಲೆ ತೆಗೀತಿದ್ಳು. ಒಂದಿನ ಮರ್ತೇಬಿಟ್ಟಿದ್ಳು, ಪಾಪ. ಈ ಹುಡುಗಿ ತೆಗೆದಳೋ ಇಲ್ವೋ, ಅದೊಂದು ಕೇಳ್ಸಬೇಕಿತ್ತು."

ದೂರಿನ ದನಿಯೇ ಇರಲಿಲ್ಲ ಅದರಲ್ಲಿ. ಆ ಸಂಜೆಗಳಲ್ಲಿ ಹಾಡುವವರ ನಡುವೆ, ಹೊಸ ಲಂಗ ತೊಟ್ಟು, ಅದೇ ಗೊಂಬೆಗಳ ಮುಂದೆ ನಾನು ಕುಳಿತಿದ್ದೆ. ಚಿಕ್ಕಮ್ಮ ಅಡುಗೆಮನೆಯಲ್ಲಿರಬೇಕೆಂದು ತಿಳಿದಿದ್ದೆ. ಅಷ್ಟು ವರ್ಷ ಹೊರಗೆ ಕುಳಿತು ಆ ಸದ್ದು ಕೇಳಿದವಳು, ನನ್ನ ಮನೆಗೆ ಬಂದ ಮೇಲೆ ದಿನಾ ಸಂಜೆ ತಾನೇ ಹೋಗಿ ತನ್ನ ಕೈಯಾರೆ ಚಿಲಕ ತಳ್ಳಿ ಬರುತ್ತಿದ್ದಳಲ್ಲ, ಯಾರನ್ನು ಹೊರಗಿಟ್ಟು? ಟ್ಯಾಕ್ಸಿ ಅಡ್ಯಾರಿನ ಸೇತುವೆ ದಾಟುವಾಗ ನನ್ನ ಸಿಟ್ಟು ಥಿಯೇಟರಿನ ಜನರನ್ನು ಬಿಟ್ಟಿರಲಿಲ್ಲ, ಆದರೆ ಅವರಲ್ಲಿಗೇ ನಿಂತೂ ಇರಲಿಲ್ಲ. ಅವರು ನಕ್ಕದ್ದು ಒಂದು ಮಧ್ಯಾಹ್ನ. ಆ ಶಾಸ್ತ್ರ ನನ್ನ ಚಿಕ್ಕಮ್ಮನ ಪ್ರಾಯವನ್ನೆಲ್ಲ ಒಗೆಯುವ ಕಲ್ಲಿನ ಮೇಲೆ ಕೂರಿಸಿತ್ತು. ಶಾಸ್ತ್ರಕ್ಕೂ ನನಗೂ ಜಗಳವಿರಲಿಲ್ಲ ಎಂದು ಮೊದಲಿಗೆ ಹೇಳಿದೆನಲ್ಲ, ಆ ಜಗಳ ಶುರುವಾದದ್ದು ಅಲ್ಲಿ.

ಮನೆ ಸೇರುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಕೈಕಾಲು ತೊಳೆದು ಬಂದ ಚಿಕ್ಕಮ್ಮ ಅಭ್ಯಾಸದಂತೆ ಗೋಡೆ ಸವರಿಕೊಂಡು ಅಡುಗೆಮನೆಯ ಕಡೆ ಹೊರಟಳು. ನಾನು ತಡೆದೆ.

"ಇವತ್ತು ಬಾಗಿಲ ಹತ್ರ ನಾನು ಹೋಗ್ತೀನಿ. ನೀನು ದೀಪ ಹಚ್ಚು."

"ನಾನಾ?" ಎಂದಳು. "ನಂಗೆ ಬತ್ತಿ ಕಾಣಲ್ಲ ಕಣೇ."

ಬತ್ತಿ ಕಾಣುವುದಿಲ್ಲ ಎಂದಳೇ ಹೊರತು ಬೇಡ ಎನ್ನಲಿಲ್ಲ. ಸುಮೇಧಾ ಫೋನನ್ನು ಸೋಫಾದ ಮೇಲೆ ಎಸೆದು, ಫ್ಯಾನು ಆರಿಸಿ ಬಂದು, ಪಾಟಿಯ ಕೈಯಲ್ಲಿ ಕಡ್ಡಿಪೆಟ್ಟಿಗೆ ಇಟ್ಟಳು. "ಇಲ್ಲಿದೆ ಪಾಟಿ, ಸ್ವಲ್ಪ ಎಡಕ್ಕೆ," ಎಂದು ಅವಳ ಮಣಿಕಟ್ಟು ಹಿಡಿದಳು. ಮಗಳ ಬಾಯಿಂದ ಅಷ್ಟು ಚೊಕ್ಕ ಕನ್ನಡ ನಾನು ಕೇಳಿ ಬಹಳ ದಿನವಾಗಿತ್ತು. ನಾನು ಕತ್ತಲಾಗಿದ್ದ ಅಡುಗೆಮನೆ ದಾಟಿ ಹೋಗಿ ಬಾಲ್ಕನಿಯ ಬಾಗಿಲ ಮುಂದೆ ನಿಂತೆ. ಅದು ಬರಿದೇ ಮುಂದಕ್ಕೆಳೆದಿತ್ತು. ಕಡ್ಡಿ ಗೀರಿದ ಸದ್ದು ಕೇಳಿಸಿತು. ಮನೆಯಲ್ಲಿ ಇನ್ನಾವ ಸದ್ದೂ ಇರಲಿಲ್ಲ. ಎಣ್ಣೆ ಕಾಣದ ಕೀಲಿನ ಆ ಬಾಗಿಲನ್ನು ನಾನು ನಿಧಾನವಾಗಿ, ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ, ಪೂರ್ತಿ ತೆರೆದೆ.

ದೇವರ ಮುಂದಿನಿಂದ ಚಿಕ್ಕಮ್ಮನ ದನಿ ಬಂತು.

"ತೆಗೆದಳು ಕಣೇ."

ಸಮುದ್ರದ ಗಾಳಿಯೊಂದಿಗೆ ಸೊಳ್ಳೆಗಳೂ ಒಳಗೆ ಬಂದವು. ನಾನು ಬಾಗಿಲು ಹಾಕಲಿಲ್ಲ.