ರತ್ನತ್ತೆಯ ಸಡಿಲ ಹಗ್ಗ

ಪಕ್ಕದ ಮನೆಯ ಪುಟ್ಟ ಹುಡುಗ ಮಂಜನ ಮೊಣಕಾಲಿನಿಂದ ರಕ್ತ ಇಳಿಯುತ್ತಿದ್ದುದನ್ನು ನಾನು ಕಂಡೆನೋ, ಮನೆಯವರ ಬಾಯಲ್ಲಿ ಕೇಳಿ ಕೇಳಿ ಕಂಡಂತಾಯಿತೋ, ಪ್ರಮಾಣ ಮಾಡಿ ಹೇಳಲಾರೆ. ಆಗ ನಾನು ಬೆಂಗಳೂರಿನಲ್ಲಿ ಎಂ.ಎ. ಓದುತ್ತ, ಭಾನುವಾರಕ್ಕೆ ದೊಡ್ಡಬಳ್ಳಾಪುರಕ್ಕೆ ಬಂದುಹೋಗುತ್ತಿದ್ದೆ. ಆದರೆ ರತ್ನತ್ತೆಯ ಸಿಟ್ಟಿನ ಬಗ್ಗೆ ನನಗೆ ಅನುಮಾನವಿಲ್ಲ.

ಅವರು ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದು ಅಪ್ಪನ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಅಪ್ಪ ಕಾವಲಿಗೆಂದು ತಂದ ನಾಯಿ ಟೈಗರ್ ಅವರ ಪಾಲಿಗೆ ಬಂತು. ಅದು ಹಗ್ಗ ಎಳೆದರೆ ಅತ್ತೆ ನಡುಬೀದಿಯಲ್ಲೇ ಕಂಬದಂತೆ ನಿಂತುಬಿಡುತ್ತಿದ್ದರು. ನಾಯಿ ತಿರುಗಿ ನೋಡಿ ಹಗ್ಗ ಸಡಿಲವಾದಾಗ ಮೊಣಕಾಲ ಪಕ್ಕದಲ್ಲಿ ಒಂದು ಚೂರು ಬನ್ನು, ಆಮೇಲೆ ಮುಂದಿನ ಹೆಜ್ಜೆ. ಹಿಂದೆ ನಿಂತ ಟೆಂಪೋದವನು, "ಏನಮ್ಮಾ, ನಾಯಿ ನಿನ್ನ ಕರ್ಕೊಂಡ್ ಹೋಗ್ತಾ ಇದ್ಯಾ?" ಎಂದು ನಕ್ಕ.

"ನಿನ್ನ ಕೊರಳಿಗೆ ಹಗ್ಗ ಹಾಕಿ ಎಳೀತೀನಿ, ಎಷ್ಟು ದೂರ ಬರ್ತೀಯೋ ನೋಡಣ. ಇಳಿ ಕೆಳಗೆ."

ಎಳೆಯುವುದೇ ಕಲಿಸುವುದು ಎಂದು ನಂಬಿದ ಗಂಡಸರ ಬೀದಿ ಅದು. ಹೆಂಡತಿ, ಮಕ್ಕಳು, ನಾಯಿ, ಎಲ್ಲರಿಗೂ ಒಂದೇ ವಿದ್ಯೆ. ನೂಲಿನ ಬಿಗಿ ತಿಳಿದವರಿಗೆ ಹಗ್ಗದ ಬಿಗಿಯೂ ತಿಳಿಯುತ್ತದೆ ಎಂದು ನಾನೊಮ್ಮೆ ಜಾಣತನ ತೋರಿಸಿದೆ. "ನೂಲಿಗೆ ನೋವಾಗುತ್ತೇನಪ್ಪಾ? ಓದಿ ಓದಿ ಹಾಳಾದೆ ನೀನು" ಅಂದರು.

ಟೈಗರ್‌ಗೆ ಮಗ್ಗದ ಸದ್ದೆಂದರೆ ಭಯ. ಕರೆಂಟು ಹೋದಾಗ ಬೀದಿ ಸುಮ್ಮನಾಗುತ್ತಿತ್ತು. ಬಂದ ಕೂಡಲೇ ಎರಡೂ ಬದಿಯ ಪವರ್‌ಲೂಮ್‌ಗಳು ಒಟ್ಟಿಗೆ ಬಡಿಯತೊಡಗಿ, ನಾಯಿ ಕಂಗಾಲಾಗಿ ನುಗ್ಗುತ್ತಿತ್ತು. ಅಪ್ಪ ಹೇಳಿಬಿಟ್ಟರು: "ದೀಪಾವಳಿಯೊಳಗೆ ಇದು ನೆಟ್ಟಗೆ ನಡೀಲಿಲ್ಲ ಅಂದ್ರೆ ಘಾಟಿ ದೇವಸ್ಥಾನದ ಹತ್ರ ಬಿಟ್ಟುಬರ್ತೀನಿ ಕಣೇ."

ಅತ್ತೆ ಮೊದಲು ಸದ್ದು ಕ್ಷೀಣವಾಗಿ ಕೇಳುವ ಕೆರೆ ಏರಿಗೆ ಕರೆದೊಯ್ದರು. ಆಮೇಲೆ ಬೀದಿಯ ಮೂಲೆ. ಆಮೇಲೆ ಒಂದೊಂದೇ ಮನೆ. "ಬಾಲ ಕಾಲ್ಸಂದಿಗೆ ಹೋದ್ರೆ ಹಿಂದಕ್ಕೆ ಬರ್ತೀನಿ. ಅವನಿಗೇನು ಅವಸರ? ಅವಸರ ಇರೋದು ನಿಮ್ಮಪ್ಪನಿಗೆ." ಕೊನೆಗೆ ಕರೆಂಟು ಬಂದರೂ ಟೈಗರ್ ಓಡದೆ, ನಿಂತು ಅತ್ತೆಯ ಮುಖ ನೋಡುವಷ್ಟಾಯಿತು.

ದೀಪಾವಳಿಗೆ ಮುಂಚೆ ಸೀರೆ ವ್ಯಾಪಾರಿಯೊಬ್ಬರು ಬಂದಿದ್ದರು. ಅವರಿಗೆ ತೋರಿಸಲು ಅಪ್ಪ ನಾಯಿಯ ಹಗ್ಗ ಬಿಚ್ಚಿ, ಕಬ್ಬಿಣದ ಚೈನು ಹಾಕಿ, ಮುಷ್ಟಿಗೆ ಸುತ್ತಿಕೊಂಡು ಹೊರಟರು. ಕರೆಂಟು ಬಂತು. ಕಲಿಸಿದಂತೆ ನಾಯಿ ನಿಂತಿತು. ಅದು ಹುಡುಕಿದ ಮುಖ ಅಲ್ಲಿರಲಿಲ್ಲ. ಅಪ್ಪ ಜಗ್ಗಿದರು. ಕಂಡಿಕೆ ಬಿಟ್ಟು ಓಡಿ ಬಂದ ಅತ್ತೆಗೆ ಕಂಡದ್ದು ಬೀದಿಗೆ ಅಡ್ಡಲಾಗಿ ಬಿಗಿದ ಚೈನು, ಅದರಾಚೆ ಬೋರಲು ಬಿದ್ದ ಮಂಜ.

"ಮಗೂಗೆ ಕಚ್ಚಿಬಿಡ್ತು" ಅಂದರು ಅಪ್ಪ.

"ಕಚ್ಚಿದ್ರೆ ಹೊಕ್ಕುಳ ಸುತ್ತ ಸೂಜಿ ಹಾಕಿಸ್ಬೇಕು. ನಡಿ ಅಣ್ಣ, ಈಗಲೇ ಆಸ್ಪತ್ರೆಗೆ ಹೋಗಣ."

"ಅದನ್ನೆಲ್ಲ ಅವರಪ್ಪ ನೋಡ್ಕೋತಾನೆ."

ಮಂಜನ ಅಪ್ಪ ನಮ್ಮ ಮಗ್ಗದಲ್ಲೇ ನೇಯುತ್ತಿದ್ದ, ಬಾಯಿ ಬಿಡಲಿಲ್ಲ. ಸಂಜೆಗೆ ಅಪ್ಪ ಟೈಗರನ್ನು ಘಾಟಿಯಲ್ಲಿ ಬಿಟ್ಟುಬಂದರು. ಮರುದಿನ ಅತ್ತೆ ಹಗ್ಗ, ಬನ್ನು ಹಿಡಿದು ಬಸ್ಸು ಹತ್ತಿದರು. ದೇವಸ್ಥಾನದ ಸುತ್ತಲೂ ಹುಡುಕಿ, ಹಗ್ಗವೊಂದನ್ನೇ ತಂದರು. ಆಮೇಲೆ ಅಣ್ಣನಿಗೆ ಊಟ ಬಡಿಸಿದರು, ಮಾತಾಡಲಿಲ್ಲ. ಅಪ್ಪ ಸಾಯುವ ತನಕವೂ ಮಾತಾಡಲಿಲ್ಲ. ಅಪ್ಪನೂ ಕಚ್ಚಿತೆಂಬ ಮಾತನ್ನು ಬಿಡಲಿಲ್ಲ.

ಅತ್ತೆಯನ್ನು ಕೊನೆಯ ಸಲ ನೋಡಲು ಹೋದಾಗ ಹಗ್ಗ ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು. ಕಚ್ಚಿತೆಂಬ ಅಪ್ಪನ ಮಾತಿಗೂ ಇಲ್ಲವೆಂಬ ನಿಮ್ಮ ಮಾತಿಗೂ ಸಾಕ್ಷಿಯಿಲ್ಲವಲ್ಲ ಅತ್ತೆ, ಎಂದೆ. ಮಲಗಿದಲ್ಲಿಂದಲೇ ಸಿಡುಕಿದರು: "ದೊಡ್ಡ ದೊಡ್ಡ ಪುಸ್ತಕ ಓದ್ತೀಯ. ಸೂಜಿ ಹಾಕಿಸಿದ್ರಾ ಅಂತ ಒಬ್ಬರನ್ನ ಕೇಳೋಕಾಗಲ್ವಾ ನಿನಗೆ?"

ಅವರು ತೀರಿಹೋದ ಮೇಲೆ, ಈಗ ದೇವನಹಳ್ಳಿಯಲ್ಲಿರುವ ಮಂಜನ ಮನೆ ಹುಡುಕಿದೆ. "ಚೈನು ಎಡವಿ ಬಿದ್ದಿದ್ದು ಅನ್ಸುತ್ತೆ ಸಾರ್" ಅಂದ. ನೆನಪನ್ನು ನಾನು ನಂಬುವುದಿಲ್ಲ, ಅವನದನ್ನೂ. ಒಳಗೆ ಕೂತಿದ್ದ ಅವನ ಅಮ್ಮನನ್ನು ಕೇಳಿದೆ.

"ಸೂಜಿನಾ? ಯಾತಕ್ಕಪ್ಪಾ? ಮಂಡಿ ತರಚಿತ್ತು. ಅರಿಶಿನ ಹಚ್ಚಿದ್ದೆ."